ಬಿಟ್ಟು ಹೋದವರು ನಾವಲ್ಲ ಎನ್ನುವ ಆಂಗ್ಲಿಕನ್ನರು: ಈ ಒಡಕನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

2025ರ ಅಕ್ಟೋಬರಿನಲ್ಲಿ ಎರಡು ವಾರದೊಳಗೆ ಮೂರು ಸುದ್ದಿ ಒಂದರ ಹಿಂದೆ ಒಂದು ಬಂದವು. 3ನೇ ತಾರೀಕು, ಇಂಗ್ಲೆಂಡಿನ ಸಭೆಯಿಂದ (ಚರ್ಚಿನಿಂದ) ಜಗತ್ತಿಗೆ ಹರಡಿದ ಆಂಗ್ಲಿಕನ್ ಕ್ರೈಸ್ತರ ಹಿರಿಯ ಪೀಠವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಮೊದಲ ಬಾರಿ ಒಬ್ಬ ಮಹಿಳೆಯ ಹೆಸರು ಪ್ರಕಟವಾಯಿತು. ಸಾರಾ ಮುಲ್ಲಾಲಿ ಅವರು ನರ್ಸ್ ಆಗಿ ಕೆಲಸ ಶುರುಮಾಡಿ, ಇಂಗ್ಲೆಂಡ್ ಸರ್ಕಾರದ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿ, ಆಮೇಲೆ ಪಾದ್ರಿಯಾಗಿ, 2018ರಿಂದ ಲಂಡನ್ನಿನ ಬಿಷಪ್ ಆಗಿದ್ದವರು. 15ಕ್ಕೆ ಇಂಗ್ಲೆಂಡಿನ ಬಿಷಪ್‌ಗಳು ಒಂದು ಹೆಜ್ಜೆ ಹಿಂದೆ ಸರಿದರು. ಸಲಿಂಗ ಜೋಡಿಗಳಿಗಾಗಿಯೇ ಪ್ರತ್ಯೇಕ ಆಶೀರ್ವಾದದ ಆರಾಧನೆ ನಡೆಸಬೇಕಾದರೆ ಸಿನಡ್‌ನಲ್ಲಿ, ಅಂದರೆ ಚರ್ಚಿನ ನಿಯಮ ಮಾಡುವ ಮಂಡಳಿಯಲ್ಲಿ, ಮೂರನೇ ಎರಡರಷ್ಟು ಬಹುಮತ ಬೇಕು ಎಂದರು. ಮರುದಿನವೇ ಗ್ಯಾಫ್‌ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನ್ ಬಣ, ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡಾ ಅವರ ಸಹಿಯೊಂದಿಗೆ, ಇನ್ನು ಮುಂದೆ ಕ್ಯಾಂಟರ್ಬರಿಯ ನಾಯಕತ್ವವೂ ಬೇಡ, ಅದು ಕರೆಯುವ ಸಭೆಗಳೂ ಬೇಡ ಎಂದು ಘೋಷಿಸಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು: ನಾವು ಆಂಗ್ಲಿಕನ್ ಒಕ್ಕೂಟವನ್ನು ಬಿಟ್ಟು ಹೋಗಿಲ್ಲ, ನಾವೇ ಆ ಒಕ್ಕೂಟ.

ಓದಿದವರಿಗೆ ತಲೆ ಕೆಟ್ಟದ್ದು ಇಲ್ಲೇ. ಸಂಬಂಧ ಕಡಿದುಕೊಂಡೆವು ಅನ್ನುತ್ತಾರೆ, ಆದರೆ ಹೊರಗೆ ಹೋಗಿಲ್ಲ ಅನ್ನುತ್ತಾರೆ. ಹಾಗಾದರೆ ಒಡೆಯಿತೋ ಇಲ್ಲವೋ? ಇದು ಮಾತಿನ ಚಮತ್ಕಾರವಂತೂ ಅಲ್ಲ. ಆಂಗ್ಲಿಕನ್ ಒಕ್ಕೂಟವನ್ನು ಕಟ್ಟಿದ ರೀತಿಯಲ್ಲೇ ಈ ಗೊಂದಲಕ್ಕೆ ಕಾರಣವಿದೆ. ಸಲಿಂಗ ಮದುವೆ, ಮಹಿಳಾ ಬಿಷಪ್ ಇವೆಲ್ಲ ಜಗಳದ ವಿಷಯಗಳು, ನಿಜ. ಆದರೆ ಜಗಳ ಬಂದಾಗ ತೀರ್ಪು ಕೊಡುವವರು ಯಾರು ಎಂಬುದನ್ನು ಈ ಒಕ್ಕೂಟ ಯಾವತ್ತೂ ತೀರ್ಮಾನಿಸಿಯೇ ಇರಲಿಲ್ಲ. ಬೇರು ಅಲ್ಲಿದೆ.

ಪೋಪ್ ಇಲ್ಲದ ಒಕ್ಕೂಟ

ಕ್ಯಾಥೊಲಿಕರಿಗೆ ಪೋಪ್ ಇದ್ದಾರೆ. ಅವರು ಒಬ್ಬ ಬಿಷಪ್‌ರನ್ನು ನೇಮಿಸಬಹುದು, ತೆಗೆಯಬಹುದು. ಆಂಗ್ಲಿಕನ್ ಒಕ್ಕೂಟದಲ್ಲಿ ಹಾಗಿಲ್ಲ. ಅದರಲ್ಲಿ 42 ಪ್ರಾಂತ್ಯಗಳಿವೆ, ಸುಮಾರು 8.5 ಕೋಟಿ ಸದಸ್ಯರಿದ್ದಾರೆ ಎಂಬುದು ಒಕ್ಕೂಟದ ಲೆಕ್ಕ. ಪ್ರತಿ ಪ್ರಾಂತ್ಯಕ್ಕೂ ತನ್ನದೇ ಸಂವಿಧಾನ, ತನ್ನದೇ ಸಿನಡ್, ತನ್ನದೇ ಪ್ರಾರ್ಥನಾ ಪುಸ್ತಕ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ನೈಜೀರಿಯಾದಲ್ಲಾಗಲಿ ಅಮೆರಿಕದಲ್ಲಾಗಲಿ ಒಬ್ಬ ಪಾದ್ರಿಯನ್ನು ವರ್ಗ ಮಾಡುವ ಅಧಿಕಾರವೂ ಇಲ್ಲ. ಅವರು ಕರೆಯಬಹುದು, ಸೇರಿಸಬಹುದು, ಬುದ್ಧಿ ಹೇಳಬಹುದು. ಅಷ್ಟೇ.

ಹತ್ತು ವರ್ಷಕ್ಕೊಮ್ಮೆಯಂತೆ ಎಲ್ಲ ಬಿಷಪ್‌ಗಳು ಸೇರುವ ಲ್ಯಾಂಬೆತ್ ಸಮ್ಮೇಳನ 1867ರಲ್ಲಿ ಶುರುವಾಯಿತು. ಅದಕ್ಕೂ ಒಂದು ಜಗಳವೇ ಕಾರಣ. ದಕ್ಷಿಣ ಆಫ್ರಿಕಾದಲ್ಲಿ ಕೊಲೆನ್ಸೊ ಎಂಬ ಬಿಷಪ್ ಬೈಬಲಿನ ಮೊದಲ ಪುಸ್ತಕಗಳಲ್ಲಿ ಇರುವುದೆಲ್ಲ ಅಕ್ಷರಶಃ ಇತಿಹಾಸವಲ್ಲ ಎಂದು ಬರೆದು ಗದ್ದಲ ಎಬ್ಬಿಸಿದ್ದರು. ಆಗ ಸೇರಿದವರು ಒಂದು ಎಚ್ಚರಿಕೆ ವಹಿಸಿದರು: ಈ ಸಮ್ಮೇಳನ ಸಲಹೆ ಕೊಡುತ್ತದೆ, ಕಾನೂನು ಮಾಡುವುದಿಲ್ಲ. ಆಮೇಲೆ 1930ರ ಲ್ಯಾಂಬೆತ್, ಕ್ಯಾಂಟರ್ಬರಿಯ ಪೀಠದೊಂದಿಗೆ ಸಹಭಾಗಿತ್ವ ಇರುವ ಸಭೆಗಳ (ಚರ್ಚುಗಳ) ಕೂಟವೇ ಆಂಗ್ಲಿಕನ್ ಒಕ್ಕೂಟ ಎಂದು ವಿವರಿಸಿತು.

ಅಂದರೆ ಸದಸ್ಯತ್ವದ ಗುರುತು ಒಂದು ಸಂಬಂಧ. ಆ ಸಂಬಂಧದ ನಿಯಮಗಳು ಎಲ್ಲೂ ಬರೆದಿಲ್ಲ. ಎಲ್ಲರೂ ಹೆಚ್ಚುಕಡಿಮೆ ಒಂದೇ ತರ ಯೋಚಿಸುತ್ತಿದ್ದ ಕಾಲದಲ್ಲಿ ಇದು ಸಲೀಸಾಗಿ ನಡೆಯಿತು. ಭಿನ್ನಾಭಿಪ್ರಾಯ ಬಂದಾಗ ಯಾರೂ ಯಾರನ್ನೂ ಹೊರಹಾಕುವಂತಿಲ್ಲ, ಯಾರೂ ಯಾರ ಮಾತನ್ನೂ ಕೇಳಬೇಕಾಗಿಲ್ಲ.

ಮೊದಲ ಗುಂಪು ಹೊರಟದ್ದು ಬೇರೆ ಕಾರಣಕ್ಕೆ

ಸಲಿಂಗಿಗಳ ವಿಷಯದಿಂದಲೇ ಎಲ್ಲ ಶುರುವಾಯಿತು ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1976ರಲ್ಲಿ ಅಮೆರಿಕದ ಎಪಿಸ್ಕೋಪಲ್ ಸಭೆ (ಅಲ್ಲಿನ ಅಧಿಕೃತ ಆಂಗ್ಲಿಕನ್ ಸಭೆಗೆ ಇದೇ ಹೆಸರು) ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡಲು ಒಪ್ಪಿತು. ಅದೇ ಹೊತ್ತಿಗೆ ಹಳೆಯ 1928ರ ಪ್ರಾರ್ಥನಾ ಪುಸ್ತಕವನ್ನು ಬದಲಿಸುವ ಕೆಲಸವೂ ನಡೆದಿತ್ತು. ಇದನ್ನು ಒಪ್ಪದವರು 1977ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿ, ನಾವು ಹಳೆಯ ನಂಬಿಕೆಯನ್ನು ಮುಂದುವರಿಸುತ್ತೇವೆ ಎಂದು ಹೇಳಿಕೆ ಹೊರಡಿಸಿದರು. ಅದಕ್ಕೇ ಅವರಿಗೆ 'ಮುಂದುವರಿಯುವ ಆಂಗ್ಲಿಕನ್ನರು' ಎಂಬ ಹೆಸರು ಬಂತು.

ಮುಂದೇನಾಯಿತು ಎಂಬುದು ಮುಖ್ಯ. ಒಂದೇ ಸಭೆ ಕಟ್ಟುತ್ತೇವೆ ಎಂದು ಹೊರಟವರು ಕೆಲವೇ ವರ್ಷಗಳಲ್ಲಿ ಹಲವು ಸಣ್ಣ ಸಣ್ಣ ಸಭೆಗಳಾಗಿ ಹಂಚಿಹೋದರು. ತಪ್ಪು ನಂಬಿಕೆಯವರಿಂದ ದೂರ ಸರಿಯುವುದೇ ಸರಿ ಎಂದು ಒಮ್ಮೆ ಒಪ್ಪಿದ ಮೇಲೆ, ಮುಂದಿನ ಭಿನ್ನಾಭಿಪ್ರಾಯಕ್ಕೂ ಅದೇ ಮದ್ದು ಕೈಗೆ ಸಿಗುತ್ತದೆ. ಈ ಗುಂಪುಗಳಿಗೂ ಇವತ್ತಿನ ಗ್ಯಾಫ್‌ಕಾನ್‌ಗೂ ನೇರ ಸಂಬಂಧ ಕಡಿಮೆ. ಆದರೆ ಈ ಪಾಠ ಗ್ಯಾಫ್‌ಕಾನ್ ತಲೆಯ ಮೇಲೂ ತೂಗುತ್ತಿದೆ.

ಹಾಕಿ ಕ್ರೀಡಾಂಗಣದಲ್ಲಿ ನಡೆದ ಅಭಿಷೇಕ

1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಫ್ರಿಕಾ ಮತ್ತು ಏಷ್ಯಾದ ಬಿಷಪ್‌ಗಳ ಸಂಖ್ಯೆ, ಧ್ವನಿ ಎರಡೂ ಜೋರಾಗಿತ್ತು. ಅಲ್ಲಿ 1.10 ಎಂಬ ನಿರ್ಣಯ 526–70 ಮತಗಳಿಂದ ಪಾಸಾಯಿತು. ಮದುವೆ ಎಂದರೆ ಗಂಡು ಹೆಣ್ಣಿನ ಜೀವನಪೂರ್ತಿಯ ಬಂಧ, ಸಲಿಂಗ ಸಂಬಂಧ ಸತ್ಯವೇದಕ್ಕೆ (ಬೈಬಲಿಗೆ) ಹೊಂದುವುದಿಲ್ಲ ಎಂದು ಅದು ಹೇಳಿತು. ಅದೇ ನಿರ್ಣಯ ಇನ್ನೊಂದು ಮಾತನ್ನೂ ಹೇಳಿತ್ತು: ಸಲಿಂಗಿಗಳ ಅನುಭವವನ್ನು ಕೇಳಿಸಿಕೊಳ್ಳಬೇಕು, ಅವರ ಬಗ್ಗೆ ಇರುವ ವಿವೇಕವಿಲ್ಲದ ಭಯವನ್ನು ಖಂಡಿಸಬೇಕು. ಆಗಿನಿಂದ ಒಂದು ಬಣ ಮೊದಲ ಭಾಗವನ್ನು ಮಾತ್ರ ಎತ್ತಿ ಹೇಳುತ್ತದೆ, ಇನ್ನೊಂದು ಬಣಕ್ಕೆ ಎರಡನೆಯದು ಮಾತ್ರ ನೆನಪಿರುತ್ತದೆ. ಇಡೀ ನಿರ್ಣಯವನ್ನು ಓದಿದವರು ಎರಡೂ ಕಡೆ ಇನ್ನಷ್ಟು ಜನ ಇದ್ದಿದ್ದರೆ ಚೆನ್ನಾಗಿತ್ತು.

ಐದೇ ವರ್ಷದಲ್ಲಿ ಎಪಿಸ್ಕೋಪಲ್ ಸಭೆಯ ನ್ಯೂ ಹ್ಯಾಂಪ್‌ಶೈರ್ ಡಯಾಸಿಸ್ (ಒಬ್ಬ ಬಿಷಪ್ ಕೆಳಗಿನ ಪ್ರದೇಶ) ಜೀನ್ ರಾಬಿನ್ಸನ್ ಅವರನ್ನು ಬಿಷಪ್ ಆಗಿ ಆರಿಸಿತು. ಅವರು ಪುರುಷ ಸಂಗಾತಿಯೊಂದಿಗೆ ಬಹಿರಂಗವಾಗಿ ಬಾಳುತ್ತಿದ್ದವರು. 2003ರ ನವೆಂಬರ್ 2ರಂದು ವಿಶ್ವವಿದ್ಯಾಲಯವೊಂದರ ಐಸ್ ಹಾಕಿ ಕ್ರೀಡಾಂಗಣದಲ್ಲಿ ಅಭಿಷೇಕ ನಡೆಯಿತು. ಜೀವ ಬೆದರಿಕೆ ಇದ್ದುದರಿಂದ ಅವರು ಬಿಷಪ್ ನಿಲುವಂಗಿಯ ಒಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ಒಬ್ಬ ದೇವಸೇವಕರು ತಮ್ಮ ಅಭಿಷೇಕಕ್ಕೆ ಹಾಗೆ ಬರಬೇಕಾಯಿತು ಎಂಬುದೇ ಆ ಹೊತ್ತಿನ ಬಿಸಿಯನ್ನು ಹೇಳುತ್ತದೆ.

ಎಪಿಸ್ಕೋಪಲ್ ಸಭೆ ತನ್ನ ನಿಯಮದ ಪ್ರಕಾರವೇ ನಡೆದುಕೊಂಡಿತ್ತು. ಲ್ಯಾಂಬೆತ್ ನಿರ್ಣಯ ಸಲಹೆ ಮಾತ್ರ ಅಲ್ವಾ? ಆದರೆ ನೈಜೀರಿಯಾ, ಉಗಾಂಡಾದವರ ಕಣ್ಣಲ್ಲಿ, ಜಗತ್ತಿನ ಬಿಷಪ್‌ಗಳೆಲ್ಲ ಕೂತು ಆಡಿದ ಮಾತನ್ನು ಒಂದು ಶ್ರೀಮಂತ ಸಭೆ ಲೆಕ್ಕಕ್ಕೇ ಇಡಲಿಲ್ಲ. ಇಬ್ಬರ ಮಾತೂ ಅವರವರ ಜಾಗದಲ್ಲಿ ಸರಿ. ನಡುವೆ ತೀರ್ಪು ಕೊಡಲು ಯಾರೂ ಇರಲಿಲ್ಲ.

ಅಮೆರಿಕದ ಸಭೆಗೆ ಆಫ್ರಿಕಾದ ಬಿಷಪ್

ಆಗ ಒಂದು ಹೊಸ ದಾರಿ ಹುಟ್ಟಿಕೊಂಡಿತು. ಅಮೆರಿಕದಲ್ಲೇ ಇರುವ, ಆದರೆ ಅಮೆರಿಕದ ಬಿಷಪ್ ಬೇಡವೆನ್ನುವ ಸಭೆಗಳು ದೂರದ ದೇಶದ ಆರ್ಚ್‌ಬಿಷಪ್ ಕೆಳಗೆ ಹೋಗುವುದು. ಇದರ ಮೊದಲ ಹೆಜ್ಜೆ 2003ಕ್ಕೂ ಮುಂಚೆಯೇ ಬಿದ್ದಿತ್ತು. 2000ದ ಜನವರಿಯಲ್ಲಿ ರುವಾಂಡ ಮತ್ತು ಆಗ್ನೇಯ ಏಷ್ಯಾದ ಆರ್ಚ್‌ಬಿಷಪ್‌ಗಳು ಸಿಂಗಾಪುರದಲ್ಲಿ ಇಬ್ಬರು ಅಮೆರಿಕನ್ ಪಾದ್ರಿಗಳಿಗೆ ಬಿಷಪ್ ಅಭಿಷೇಕ ಮಾಡಿ ಅಮೆರಿಕಕ್ಕೆ ವಾಪಸ್ ಕಳಿಸಿದ್ದರು. ಆಮೇಲೆ ನೈಜೀರಿಯಾ, ಉಗಾಂಡಾ, ಕೀನ್ಯಾ ಕೂಡ ಇದೇ ದಾರಿ ಹಿಡಿದವು. ನೈಜೀರಿಯಾದ ಸಭೆ 2005ರಲ್ಲಿ ತನ್ನ ಸಂವಿಧಾನದಿಂದ ಕ್ಯಾಂಟರ್ಬರಿಯ ಹೆಸರನ್ನೇ ತೆಗೆಯಿತು.

ಒಬ್ಬ ಬಿಷಪ್‌ನ ಪ್ರದೇಶಕ್ಕೆ ಇನ್ನೊಬ್ಬ ಬಿಷಪ್ ಕಾಲಿಡಬಾರದು ಎಂಬುದು ಕ್ರೈಸ್ತ ಸಭೆಯ ಬಹಳ ಹಳೆಯ ಕಟ್ಟಳೆ. ಸಂಪ್ರದಾಯ ಉಳಿಸುತ್ತೇವೆ ಎಂದವರು ಆ ಕಟ್ಟಳೆಯನ್ನು ಮೀರಬೇಕಾಯಿತು. ಅವರ ಸಮರ್ಥನೆ ಹೀಗಿತ್ತು: ಕುರುಬನೇ ದಾರಿ ತಪ್ಪಿದಾಗ ಕುರಿಗಳನ್ನು ಕಾಯುವುದು ಗಡಿಗಿಂತ ದೊಡ್ಡ ಕರ್ತವ್ಯ.

2008ರಲ್ಲಿ ಜೆರುಸಲೇಮಿನಲ್ಲಿ ಗ್ಯಾಫ್‌ಕಾನ್ ಮೊದಲ ಬಾರಿ ಸೇರಿತು. ಅದೇ ವರ್ಷದ ಲ್ಯಾಂಬೆತ್ ಸಮ್ಮೇಳನಕ್ಕೆ ಇನ್ನೂರಕ್ಕೂ ಜಾಸ್ತಿ ಬಿಷಪ್‌ಗಳು ಹೋಗಲಿಲ್ಲ. ಮರುವರ್ಷ ಚದುರಿದ್ದ ಅಮೆರಿಕ, ಕೆನಡಾದ ಗುಂಪುಗಳು ಒಟ್ಟಾಗಿ 'ಉತ್ತರ ಅಮೆರಿಕದ ಆಂಗ್ಲಿಕನ್ ಸಭೆ' ಎಂಬ ಹೊಸ ಪ್ರಾಂತ್ಯ ಕಟ್ಟಿದವು. ಪಿಟ್ಸ್‌ಬರ್ಗ್‌ನ ರಾಬರ್ಟ್ ಡಂಕನ್ ಮೊದಲ ಆರ್ಚ್‌ಬಿಷಪ್. ಕ್ಯಾಂಟರ್ಬರಿ ಇದನ್ನು ಒಕ್ಕೂಟದ ಸದಸ್ಯ ಎಂದು ಒಪ್ಪಲಿಲ್ಲ, ನೈಜೀರಿಯಾ ಒಪ್ಪಿತು. ಈಗ ಅದರಲ್ಲಿ ಸುಮಾರು 1,000 ಸಭೆಗಳು, ಒಂದೂಕಾಲು ಲಕ್ಷದಷ್ಟು ಸದಸ್ಯರಿದ್ದಾರೆ. ಎಪಿಸ್ಕೋಪಲ್ ಸಭೆಯಲ್ಲಿ ಸುಮಾರು 15 ಲಕ್ಷ. 1960ರ ದಶಕದಲ್ಲಿ ಅದು 30 ಲಕ್ಷ ದಾಟಿತ್ತು.

ಈ ಮಾದರಿ ಬೇರೆಡೆಗೂ ಹರಡಿತು. ಬ್ರೆಜಿಲ್, ನ್ಯೂಜಿಲೆಂಡ್, ಇಂಗ್ಲೆಂಡ್, ಕಡೆಗೆ 2022ರಲ್ಲಿ ಆಸ್ಟ್ರೇಲಿಯಾ.

ಕಟ್ಟಡ ಯಾರದ್ದು?

ದೇವಶಾಸ್ತ್ರದ ಜಗಳ ಕೋರ್ಟಿಗೆ ಹೋಗುವುದು ಆಸ್ತಿಯ ಬಾಗಿಲಿಂದ. ವರ್ಜೀನಿಯಾದ ಫಾಲ್ಸ್ ಚರ್ಚ್ ಎಂಬ ಊರಿಗೆ ಆ ಹೆಸರು ಬಂದದ್ದೇ ಅಲ್ಲಿನ ದೇವಾಲಯದಿಂದ. 1732ರಷ್ಟು ಹಳೆಯ ಸಭೆ ಅದು. ಜಾರ್ಜ್ ವಾಷಿಂಗ್ಟನ್ ಅದರ ಆಡಳಿತ ಮಂಡಳಿಯಲ್ಲಿದ್ದರು. 2006ರ ಡಿಸೆಂಬರಿನಲ್ಲಿ ಸದಸ್ಯರು ಭಾರಿ ಬಹುಮತದಿಂದ ಎಪಿಸ್ಕೋಪಲ್ ಸಭೆ ಬಿಡುವ ತೀರ್ಮಾನ ಮಾಡಿ ನೈಜೀರಿಯಾದ ಕೆಳಗೆ ಹೋದರು. ಕಟ್ಟಡ ನಮ್ಮದೇ ಎಂದುಕೊಂಡಿದ್ದರು. ಆದರೆ ಎಪಿಸ್ಕೋಪಲ್ ಸಭೆ 1979ರಲ್ಲೇ ಒಂದು ನಿಯಮ ಮಾಡಿತ್ತು: ಪ್ರತಿ ಸಭೆಯ ಆಸ್ತಿಯೂ ಡಯಾಸಿಸ್ ಮತ್ತು ಇಡೀ ಸಭೆಯ ಪರವಾಗಿ ಟ್ರಸ್ಟ್‌ನಲ್ಲಿ ಇರುತ್ತದೆ. ಕೇಸು ವರ್ಷಗಟ್ಟಲೆ ನಡೆಯಿತು. 2012ರಲ್ಲಿ ಅವರು ಕಟ್ಟಡ ಬಿಟ್ಟುಕೊಟ್ಟರು. 2013ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಡಯಾಸಿಸ್ ಪರವೇ ನಿಂತಿತು. ಸ್ವಂತ ಹೊಸ ಕಟ್ಟಡ ಕಾಣಲು 2019ರವರೆಗೆ ಕಾಯಬೇಕಾಯಿತು.

ಟೆಕ್ಸಸ್‌ನಲ್ಲಿ ಉಲ್ಟಾ ಆಯಿತು. ಫೋರ್ಟ್ ವರ್ತ್ ಡಯಾಸಿಸ್ ಇಡಿಯಾಗಿ ಹೊರಬಂದಿತ್ತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಸ್ತಿ ಹೊರಬಂದವರಿಗೇ ಸೇರಬೇಕು ಎಂದಿತು. ಒಂದೇ ದೇಶ, ಒಂದೇ ಸಭೆ, ಒಂದೇ ನಿಯಮ. ರಾಜ್ಯದ ಟ್ರಸ್ಟ್ ಕಾನೂನು ಬೇರೆಯಾದ್ದರಿಂದ ತೀರ್ಪೂ ಬೇರೆ. ಬಿಟ್ಟು ಹೋದವರು ಯಾರು ಎಂಬ ಪ್ರಶ್ನೆಗೆ ಒಕ್ಕೂಟದೊಳಗೆ ಉತ್ತರ ಇಲ್ಲದ್ದರಿಂದಲೇ ನ್ಯಾಯಾಧೀಶರು ಉತ್ತರ ಹೇಳಬೇಕಾಯಿತು. ಇದರಲ್ಲಿ ಜಾಸ್ತಿ ನೊಂದವರು ಆ ದೇವಾಲಯದಲ್ಲೇ ದೀಕ್ಷಾಸ್ನಾನ ಪಡೆದು, ಮದುವೆಯಾಗಿ, ಅದರ ಅಂಗಳದಲ್ಲೇ ಅಪ್ಪ ಅಮ್ಮನನ್ನು ಮಣ್ಣು ಮಾಡಿದ ಸಾಮಾನ್ಯ ಜನ. ಅವರು ಎರಡೂ ಬಣದಲ್ಲಿದ್ದರು.

ಆಫ್ರಿಕಾದವರು ಏನು ಹೇಳುತ್ತಾರೆ

ಅಮೆರಿಕದ ಶ್ರೀಮಂತ ಸಂಪ್ರದಾಯವಾದಿಗಳು ದುಡ್ಡು ಕೊಟ್ಟು ಆಫ್ರಿಕಾದವರನ್ನು ಕುಣಿಸುತ್ತಿದ್ದಾರೆ ಎಂಬ ಮಾತು ಆಗಾಗ ಕೇಳುತ್ತದೆ. ಇದು ಅರ್ಧ ನೋಟ, ಮತ್ತು ಆಫ್ರಿಕಾದ ಕ್ರೈಸ್ತರಿಗೆ ಸ್ವಂತ ಬುದ್ಧಿ ಇಲ್ಲ ಎಂದಂತೆ. ಪೂರ್ವ ಆಫ್ರಿಕಾಕ್ಕೆ ಸುವಾರ್ತೆ ತಂದವರು 19ನೇ ಶತಮಾನದ ಇಂಗ್ಲಿಷ್ ಮಿಷನರಿಗಳು, ಸತ್ಯವೇದವೇ ಎಲ್ಲಕ್ಕೂ ಮೇಲೆ ಎಂದು ನಂಬಿದವರು. ನೀವು ಕಲಿಸಿದ್ದನ್ನೇ ನಾವು ಹಿಡಿದಿದ್ದೇವೆ, ಬದಲಾದವರು ನೀವು ಎಂದು ಇವರು ಕೇಳುವಾಗ ಇಂಗ್ಲೆಂಡಿನವರ ಬಳಿ ಸುಲಭದ ಉತ್ತರ ಇಲ್ಲ.

ಉಗಾಂಡಾದಲ್ಲಿ ಇನ್ನೊಂದು ನೆನಪೂ ಸೇರಿದೆ. 1880ರ ದಶಕದಲ್ಲಿ ರಾಜ ಎಂವಾಂಗಾ ತನ್ನ ಅರಮನೆಯ ಕ್ರೈಸ್ತ ಹುಡುಗರನ್ನು ನಮುಗೊಂಗೊದಲ್ಲಿ ಸುಡಿಸಿದ. ರಾಜನ ಲೈಂಗಿಕ ಬಯಕೆಗೆ ಅವರು ಒಪ್ಪದೇ ಇದ್ದದ್ದೂ ಅದಕ್ಕೆ ಕಾರಣ ಎಂದು ಅಲ್ಲಿನ ಜನ ನೆನೆಯುತ್ತಾರೆ. ಜೂನ್ 3 ಅಲ್ಲಿ ರಾಷ್ಟ್ರೀಯ ರಜೆ. ಆ ನೆನಪಿನಲ್ಲಿ ಬೆಳೆದ ಸಭೆಗೆ ಸಲಿಂಗ ಪ್ರಶ್ನೆ ಲಂಡನ್ನಿನವರಿಗೆ ಕಂಡಂತೆ ಕಾಣುವುದಿಲ್ಲ. ನೈಜೀರಿಯಾದಲ್ಲಿ ಒಂದು ಕಡೆ ಇಸ್ಲಾಂ, ಇನ್ನೊಂದು ಕಡೆ ಪೆಂಟೆಕೋಸ್ಟಲ್ ಸಭೆಗಳು. ಇಂಗ್ಲೆಂಡಿನ ಸುದ್ದಿ ಬಂದಾಗಲೆಲ್ಲ ನಿಮ್ಮ ಸಭೆ ಹೀಗಂತೆ ಎಂದು ಅಕ್ಕಪಕ್ಕದವರು ಕೇಳುತ್ತಾರೆ.

ಆದರೆ ಒಂದು ಮಾತು ಹೇಳಲೇಬೇಕು. ಮದುವೆಯ ಬಗ್ಗೆ ಒಂದು ಬೋಧನೆ ಇಟ್ಟುಕೊಳ್ಳುವುದು ಬೇರೆ, ಮನುಷ್ಯರನ್ನು ಜೈಲಿಗೆ ತಳ್ಳುವ ಕಾನೂನಿನ ಪರ ನಿಲ್ಲುವುದು ಬೇರೆ. 2023ರಲ್ಲಿ ಉಗಾಂಡಾ ಸಲಿಂಗ ಸಂಬಂಧಕ್ಕೆ ಕೆಲವು ಸಂದರ್ಭಗಳಲ್ಲಿ ಮರಣದಂಡನೆಯವರೆಗೂ ಹೋಗುವ ಕಾನೂನು ತಂದಾಗ ಅಲ್ಲಿನ ಆಂಗ್ಲಿಕನ್ ನಾಯಕತ್ವ ಆ ಕಾನೂನನ್ನು ಸ್ವಾಗತಿಸಿತು, ಮರಣದಂಡನೆಯನ್ನು ಮಾತ್ರ ಒಪ್ಪಲಿಲ್ಲ. 1998ರ ನಿರ್ಣಯವನ್ನೇ ಹಿಡಿದು ನಿಂತವರು ಆ ನಿರ್ಣಯದ ಎರಡನೇ ಭಾಗವನ್ನು ಹೀಗೆ ಕೈಬಿಟ್ಟರೆ ಅವರ ವಾದವೇ ಸೊರಗುತ್ತದೆ.

ಎದುರು ಬದಿಯ ಮಾತು

ಬದಲಾವಣೆ ಬೇಕೆನ್ನುವವರು ಬೈಬಲನ್ನು ಬದಿಗಿಟ್ಟವರು ಎಂಬ ಚಿತ್ರವೂ ಸರಿಯಲ್ಲ. ಗುಲಾಮಗಿರಿ, ವಿಚ್ಛೇದನ, ಮಹಿಳೆಯರ ಸೇವೆ ಈ ಎಲ್ಲ ವಿಷಯಗಳಲ್ಲೂ ಸಭೆ ಸತ್ಯವೇದವನ್ನು ಮತ್ತೆ ಓದಿ ನಿಲುವು ಬದಲಿಸಿದೆ, ಇದೂ ಅಂಥದ್ದೇ ಎಂಬುದು ಅವರ ವಾದ. ಅವರ ಮುಂದೆ ಕೂತಿರುವವರು ಅವರದೇ ಸಭೆಯ ಮಕ್ಕಳು, ಭಜನಾ ತಂಡದವರು, ಪಾದ್ರಿಗಳು. ಇವರಿಗೆ ಬಾಗಿಲು ಮುಚ್ಚಿ ಸುವಾರ್ತೆ ಸಾರುವುದು ಹೇಗೆ ಎಂದು ಅವರು ಕೇಳುತ್ತಾರೆ.

ಇಂಗ್ಲೆಂಡಿನ ಸಭೆ ನಡುವೆ ಸಿಕ್ಕಿಕೊಂಡಿತು. 2023ರಲ್ಲಿ ಮದುವೆಯ ಬೋಧನೆಯನ್ನು ಬದಲಿಸದೆ, ಸಲಿಂಗ ಜೋಡಿಗಳಿಗೆ ಎಂದಿನ ಆರಾಧನೆಯೊಳಗೇ ಪ್ರಾರ್ಥನೆ ಮಾಡಬಹುದು ಎಂದಿತು. ಸಂಪ್ರದಾಯವಾದಿಗಳಿಗೆ ಇದು ಜಾಸ್ತಿಯಾಯಿತು, ಉದಾರವಾದಿಗಳಿಗೆ ಸಾಲದಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ, ಹೆಚ್ಚಾಗಿ ಆಫ್ರಿಕಾ, ಏಷ್ಯಾದ ಪ್ರಾಂತ್ಯಗಳ 'ಗ್ಲೋಬಲ್ ಸೌತ್' ಬಣದ ಹಲವು ಆರ್ಚ್‌ಬಿಷಪ್‌ಗಳು ಆಗಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರನ್ನು ಒಕ್ಕೂಟದ ನಾಯಕ ಎಂದು ಒಪ್ಪುವುದಿಲ್ಲ ಎಂದರು. ಜಾನ್ ಸ್ಮೈತ್ ಎಂಬಾತ ಹುಡುಗರ ಮೇಲೆ ನಡೆಸಿದ ದೌರ್ಜನ್ಯದ ಪ್ರಕರಣವನ್ನು ಸಭೆ ನಿಭಾಯಿಸಿದ ರೀತಿಯ ಬಗ್ಗೆ ವರದಿ ಬಂದ ಮೇಲೆ ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಿದರು. ಅಷ್ಟರಲ್ಲಿ ಆ ಪೀಠದ ನೈತಿಕ ತೂಕ ಇಳಿದಿತ್ತು. ಅಧಿಕಾರ ಇಲ್ಲದ ಪೀಠಕ್ಕೆ ಇರುವ ಒಂದೇ ಬಂಡವಾಳ ಅದು.

ಹೊರಬಂದವರ ಒಳಗಿನ ಬಿರುಕು

ಮಹಿಳೆಯೊಬ್ಬರು ಆ ಪೀಠಕ್ಕೆ ಬಂದದ್ದೇ ಗ್ಯಾಫ್‌ಕಾನ್ ಸಿಟ್ಟಿಗೆ ಕಾರಣ ಎಂದು ಬರೆದವರಿದ್ದಾರೆ. ಅಷ್ಟು ಸರಳ ಇಲ್ಲ. ಗ್ಯಾಫ್‌ಕಾನ್ ಜೊತೆ ನಿಂತ ಕೀನ್ಯಾದಲ್ಲೇ 2021ರಿಂದ ಮಹಿಳಾ ಬಿಷಪ್‌ಗಳಿದ್ದಾರೆ. ಉಗಾಂಡಾದಲ್ಲಿ ಮಹಿಳಾ ಪಾದ್ರಿಗಳಿದ್ದಾರೆ. ಸಿಡ್ನಿ ಡಯಾಸಿಸ್ ಮಹಿಳೆಯರಿಗೆ ಆ ದೀಕ್ಷೆ ಕೊಡುವುದೇ ಇಲ್ಲ. ಉತ್ತರ ಅಮೆರಿಕದ ಸಭೆ ಒಂದು ರಾಜಿ ಮಾಡಿಕೊಂಡಿದೆ: ಮಹಿಳೆ ಬಿಷಪ್ ಆಗುವಂತಿಲ್ಲ, ಪಾದ್ರಿ ಆಗಬಹುದೇ ಎಂಬುದು ಆಯಾ ಡಯಾಸಿಸ್‌ಗೆ ಬಿಟ್ಟದ್ದು. ಫೋರ್ಟ್ ವರ್ತ್‌ನ ಕ್ಯಾಥೊಲಿಕ್ ಒಲವಿನವರು ಒಪ್ಪುವುದಿಲ್ಲ, ಪಿಟ್ಸ್‌ಬರ್ಗ್‌ನವರು ಒಪ್ಪುತ್ತಾರೆ.

ಆದ್ದರಿಂದ ಇವರನ್ನು ಒಟ್ಟಿಗೆ ಹಿಡಿದಿರುವುದು ಸಲಿಂಗ ವಿಷಯದ ನಿಲುವು ಮತ್ತು ಕ್ಯಾಂಟರ್ಬರಿಯ ಮೇಲಿನ ಅಸಮಾಧಾನ. ಕ್ಯಾಂಟರ್ಬರಿ ಚಿತ್ರದಿಂದ ಹೊರಗಾದ ದಿನ ಮಹಿಳಾ ದೀಕ್ಷೆಯ ಪ್ರಶ್ನೆ ಮೇಲೆ ಬರುತ್ತದೆ. ಆಗ ಇವರೊಳಗೂ ತೀರ್ಪು ಕೊಡುವವರು ಯಾರು? ಸತ್ಯವೇದವೊಂದೇ ನಮ್ಮ ಆಧಾರ ಎಂದಿದ್ದಾರೆ. ಆದರೆ ಸಿಡ್ನಿಯವರೂ ಕೀನ್ಯಾದವರೂ ಓದುವುದು ಒಂದೇ ಸತ್ಯವೇದವನ್ನು.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಲ್ಲಿದೆ?

ಬೆಂಗಳೂರಿನ ಸೇಂಟ್ ಮಾರ್ಕ್ಸ್, ಎಂ.ಜಿ. ರಸ್ತೆಯ ತುದಿಯ ಟ್ರಿನಿಟಿ ದೇವಾಲಯಗಳು ಮೂಲದಲ್ಲಿ ಆಂಗ್ಲಿಕನ್. ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆಯ ಸಭೆಗಳು ಬಾಸೆಲ್ ಮಿಷನ್ ಕಟ್ಟಿದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ ಆಯಿತು. ಆಗ ಇಂಗ್ಲೆಂಡಿನ ಆಂಗ್ಲಿಕನ್ನರು ಇದನ್ನು ಪೂರ್ತಿ ಒಪ್ಪಲಿಲ್ಲ, ಬಿಷಪ್ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳೂ ಇದರಲ್ಲಿದ್ದಾರಲ್ಲ ಎಂಬುದು ತಕರಾರು. ಸಿಎಸ್‌ಐ ಒಕ್ಕೂಟದ ಪೂರ್ಣ ಸದಸ್ಯನಾಗಲು ದಶಕಗಳೇ ಹಿಡಿದವು.

ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಅನೇಕರು 1947ರಲ್ಲಿ ಈ ಐಕ್ಯಕ್ಕೆ ಸೇರದೆ ಹೊರಗೇ ಉಳಿದರು. 1970ರ ದಶಕದಲ್ಲಿ ಒಳಗೆ ಬಂದರು. 2013ರಲ್ಲಿ ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಪುಷ್ಪಾ ಲಲಿತಾ ಅವರಿಗೆ ಅಭಿಷೇಕವಾದದ್ದು ಅದೇ ನಂದ್ಯಾಲ ಡಯಾಸಿಸ್‌ಗೆ. ಹೊರಗೆ ನಿಂತವರು ಹೊರಗೇ ಉಳಿಯಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಇನ್ನೊಂದಿಲ್ಲ. ಸಿಎಸ್‌ಐ ಸಲಿಂಗ ಮದುವೆಯನ್ನು ಒಪ್ಪಿಲ್ಲ, ಗ್ಯಾಫ್‌ಕಾನ್ ಸೇರಿಯೂ ಇಲ್ಲ. ಅದರ ಗುರುತು ಕ್ಯಾಂಟರ್ಬರಿಯೊಂದನ್ನೇ ನೆಚ್ಚಿಕೊಂಡಿಲ್ಲವಾದ್ದರಿಂದ ಈ ಜಗಳದಲ್ಲಿ ಪಕ್ಷ ಹಿಡಿಯುವ ತುರ್ತು ಅದಕ್ಕೆ ಕಡಿಮೆ.

ಮುಂದೆ ಆಗಬಹುದಾದ್ದು

ಒಂದೇ ಏಟಿಗೆ ಎರಡು ಹೋಳಾಗುವ ಸಾಧ್ಯತೆ ಕಡಿಮೆ. ಗ್ಯಾಫ್‌ಕಾನ್ ಹೇಳಿಕೆ ಪ್ರಾಂತ್ಯಗಳಿಗೆ ಮೂರು ಕೆಲಸ ಹೇಳಿದೆ: ಕ್ಯಾಂಟರ್ಬರಿ ಕರೆದ ಸಭೆಗೆ ಹೋಗಬೇಡಿ, ಒಕ್ಕೂಟದ ಸಂಸ್ಥೆಗಳಿಗೆ ದುಡ್ಡು ಕೊಡಬೇಡಿ, ಪಡೆಯಲೂ ಬೇಡಿ, ನಿಮ್ಮ ಸಂವಿಧಾನದಲ್ಲಿ ಕ್ಯಾಂಟರ್ಬರಿಯ ಹೆಸರಿದ್ದರೆ ತೆಗೆಯಿರಿ. ಮೊದಲನೆಯದು ಸುಲಭ. ಮೂರನೆಯದಕ್ಕೆ ಪ್ರತಿ ದೇಶದ ಸಿನಡ್‌ನಲ್ಲೂ ಮತ ಬೀಳಬೇಕು, ಅಲ್ಲಿ ಎಲ್ಲರೂ ಒಂದೇ ಮನಸ್ಸಿನವರಲ್ಲ. ನಿಲುವಿನಲ್ಲಿ ಅಷ್ಟೇ ಸಂಪ್ರದಾಯವಾದಿಗಳಾದ ಗ್ಲೋಬಲ್ ಸೌತ್ ಬಣದವರೂ ಒಕ್ಕೂಟವನ್ನು ಒಳಗಿನಿಂದಲೇ ಸರಿಪಡಿಸುವ ದಾರಿ ಹುಡುಕುತ್ತಾ ಬಂದಿದ್ದಾರೆ.

ಹಾಗಾಗಿ ಕೆಲವು ಪ್ರಾಂತ್ಯಗಳು ಪೂರ್ತಿ ಹೊರಗೆ, ಕೆಲವು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ಕೆಲವು ದೇಶಗಳಲ್ಲಿ ಒಂದೇ ಊರಿನಲ್ಲಿ ಎರಡು ಆಂಗ್ಲಿಕನ್ ಬಿಷಪ್‌ಗಳು ಎಂಬ ಸ್ಥಿತಿ ಬಹಳ ಕಾಲ ನಡೆಯಬಹುದು. ಇದರ ಬಿಸಿ ತಾಕುವುದು ಸಣ್ಣ ಜಾಗಗಳಲ್ಲಿ. ಇಂಗ್ಲೆಂಡಿನ ಒಂದು ಡಯಾಸಿಸ್ ಆಫ್ರಿಕಾದ ಒಂದು ಡಯಾಸಿಸ್ ಜೊತೆ ಸೇರಿ ನಡೆಸುವ ಶಾಲೆ, ಆಸ್ಪತ್ರೆಗಳಿಗೆ ಬರುವ ನೆರವು ಉಳಿಯುತ್ತದಾ? ಲಾಗೋಸ್‌ನಲ್ಲಿ ದೀಕ್ಷೆ ಪಡೆದ ಪಾದ್ರಿ ಲಂಡನ್ನಿನಲ್ಲಿ ಸೇವೆಗೆ ಬಂದರೆ ಯಾವ ಬಿಷಪ್ ಅನುಮತಿ ಕೊಡಬೇಕು? ಇವಕ್ಕೆ ಘೋಷಣೆಗಳಲ್ಲಿ ಉತ್ತರ ಇಲ್ಲ.

ಕ್ಯಾಂಟರ್ಬರಿ ಕಡೆಯವರೂ ಸುಮ್ನೆ ಕೂತಿಲ್ಲ. 2024ರ ಡಿಸೆಂಬರಿನಲ್ಲಿ ಒಕ್ಕೂಟದ ಸಮಿತಿಯೊಂದು ನೈರೋಬಿ–ಕೈರೋ ಪ್ರಸ್ತಾವಗಳನ್ನು ಮುಂದಿಟ್ಟಿತು. 1930ರ ವಿವರಣೆಯನ್ನು ಬದಲಿಸಿ, ಕ್ಯಾಂಟರ್ಬರಿಯೊಂದಿಗೆ ಚಾರಿತ್ರಿಕ ನಂಟು ಇದ್ದರೆ ಸಾಕು ಎನ್ನುವುದು ಒಂದು. ಪ್ರಾಂತ್ಯಗಳ ಪ್ರತಿನಿಧಿಗಳು ಸೇರುವ ಒಕ್ಕೂಟದ ಸಲಹಾ ಮಂಡಳಿಯ ಅಧ್ಯಕ್ಷತೆಯನ್ನು ಬೇರೆ ಬೇರೆ ಖಂಡಗಳ ಆರ್ಚ್‌ಬಿಷಪ್‌ಗಳಿಗೆ ಸರದಿಯಂತೆ ಕೊಡುವುದು ಇನ್ನೊಂದು. ಅಧಿಕಾರ ಇಂಗ್ಲೆಂಡಿನಲ್ಲೇ ಕೂತಿದೆ ಎಂಬ ದೂರಿಗೆ ಇದು ಪ್ರಾಮಾಣಿಕ ಉತ್ತರ, ಇಪ್ಪತ್ತು ವರ್ಷ ಮುಂಚೆ ಬಂದಿದ್ದರೆ ಬಹುಶಃ ಕೆಲಸವೂ ಮಾಡುತ್ತಿತ್ತು. ಇದರ ಚರ್ಚೆ ನಡೆಯಬೇಕಾದದ್ದು ಬೆಲ್‌ಫಾಸ್ಟ್‌ನಲ್ಲಿ 2026ಕ್ಕೆ ನಿಗದಿಯಾದ ಸಲಹಾ ಮಂಡಳಿಯ ಸಭೆಯಲ್ಲಿ. ಯಾರ ಸಲುವಾಗಿ ಈ ಪ್ರಸ್ತಾವ ಬರೆದರೋ ಅವರಿಗೆ ಗ್ಯಾಫ್‌ಕಾನ್ ಹೇಳಿರುವುದು ಅಂಥ ಸಭೆಗಳಿಗೆ ಹೋಗಬೇಡಿ ಎಂದು.